ವಿಶ್ವಕರ್ಮ ಪೂಜೆಯ ದಿನ ಓಡಿದ ಲೇತ್

2017ರಲ್ಲಿ ನಾನು ಕೋಲ್ಕತ್ತದ ಒಂದು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ ಅಧಿಕಾರಿಯಾಗಿದ್ದೆ. ಕೆಲಸದಲ್ಲಿ ಗಾಯಗೊಂಡ ಅಥವಾ ಸತ್ತ ಕಾರ್ಮಿಕರ ಪ್ರಕರಣಗಳು ನನ್ನ ಮೇಜಿಗೆ ಬರುತ್ತಿದ್ದವು. ಸ್ಥಳಕ್ಕೆ ಹೋಗಬೇಕು, ಮಾಲೀಕನನ್ನೂ ಕಾರ್ಮಿಕನನ್ನೂ ಮಾತಾಡಿಸಬೇಕು, ಕಂಪನಿ ಪರಿಹಾರ ಕೊಡಬೇಕೇ ಬೇಡವೇ ಎಂದು ವರದಿ ಬರೆಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಕುರ್ಚಿ ನನ್ನದಾಗಿತ್ತು. ಅದರಲ್ಲಿ ಕೂತು ಒಳ್ಳೆಯವಳು ಅನ್ನಿಸಿಕೊಳ್ಳುವುದು ಕಷ್ಟ, ನಾನು ಅದಕ್ಕಾಗಿ ಬಹಳ ಪ್ರಯತ್ನ ಪಟ್ಟವಳೂ ಅಲ್ಲ. ಸುಳ್ಳು ಕ್ಲೇಮ್ ತಂದವರನ್ನು ಬೈದು ಕಳಿಸಿದ್ದೇನೆ. ನಿಜದ ಗಾಯವನ್ನು ಸುಳ್ಳು ಮಾಡಲು ಹೊರಟ ಮಾಲೀಕರನ್ನು ಅದಕ್ಕಿಂತ ಜೋರಾಗಿ ಬೈದಿದ್ದೇನೆ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ವರ್ಕ್‌ಶಾಪುಗಳಿಗೆ ಸಾಮಾನ್ಯವಾಗಿ ಸರ್ಕಾರದ ಕಾರ್ಮಿಕ ವಿಮೆಯಾದ ಇಎಸ್‌ಐ ಅನ್ವಯಿಸುವುದಿಲ್ಲ. ಅಲ್ಲಿ ಯಾರಾದರೂ ಗಾಯಗೊಂಡರೆ ಆಗ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯ್ದೆಯಂತೆ ಮಾಲೀಕನೇ ಪರಿಹಾರ ಕೊಡಬೇಕು. ಮಾಲೀಕ ವಿಮೆ ಮಾಡಿಸಿದ್ದರೆ ಅವನ ಬದಲು ನಾವು ಕೊಡುತ್ತೇವೆ. ಗಾಯ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಗಿರಬೇಕು, ಅಷ್ಟೇ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಈ ಕಾಯ್ದೆ ಎತ್ತುವುದೇ ಇಲ್ಲ. ಆದರೆ ಕೆಲವು ವಿನಾಯಿತಿಗಳಿವೆ. ಕಾರ್ಮಿಕ ಕುಡಿದಿದ್ದರಿಂದಲೇ ಅಪಘಾತವಾಯಿತು, ಅಥವಾ ಯಂತ್ರದ ರಕ್ಷಣಾ ಕವಚವನ್ನು ಅವನೇ ಬೇಕೆಂದು ತೆಗೆದುಹಾಕಿದ ಎಂದು ಸಾಬೀತಾದರೆ ಪರಿಹಾರ ತಪ್ಪಿಹೋಗಬಹುದು. ಮಾಲೀಕರ ವಕೀಲರು ಈ ವಿನಾಯಿತಿಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಖಿದಿರ್‌ಪುರದ ಹಡಗುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ದೋಣಿ, ಬಾರ್ಜು, ಸಣ್ಣ ಹಡಗುಗಳ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪುಗಳಿವೆ. ಅಂಥ ಒಂದರಲ್ಲಿ ತಪನ್ ಹಾಲ್ದಾರ್ ಎಂಬವನು ಟರ್ನರ್, ಅಂದರೆ ಲೇತ್ ಮೇಲೆ ಲೋಹ ಕಡೆಯುವವನು. ವಯಸ್ಸು ನಲವತ್ತರ ಆಸುಪಾಸು. ಆ ವರ್ಷ ವಿಶ್ವಕರ್ಮ ಪೂಜೆಯ ದಿನ ಅವನ ಬಲಗೈ ಓಡುತ್ತಿದ್ದ ಲೇತ್‌ಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು. ಅವನ ಹೆಂಡತಿ ಮಿನತಿ ಉಚಿತ ಕಾನೂನು ನೆರವಿನ ವಕೀಲರೊಬ್ಬರನ್ನು ಹಿಡಿದು ಪರಿಹಾರದ ಕಮಿಷನರ್ ಮುಂದೆ ಅರ್ಜಿ ಹಾಕಿದಳು.

ಮಾಲೀಕ ನಮಗೆ ಕಳಿಸಿದ ಉತ್ತರದಲ್ಲಿ ಮೂರು ಮಾತುಗಳಿದ್ದವು. ಅಂದು ರಜೆ, ಯಾವ ಕೆಲಸವೂ ಇರಲಿಲ್ಲ. ತಪನ್ ಕುಡಿದಿದ್ದ, ತಾನಾಗಿಯೇ ಲೇತ್ ಚಾಲೂ ಮಾಡಿದ. ಅದರ ಕವಚವನ್ನು ತೆಗೆದದ್ದೂ ಅವನೇ. ವಿಮೆ ಇರುವಾಗ ಮಾಲೀಕನಿಗೆ ಸುಳ್ಳು ಹೇಳುವ ಗರಜು ಏನು ಎಂದು ನೀವು ಕೇಳಬಹುದು. ರಜೆಯ ದಿನ ಕವಚವಿಲ್ಲದ ಯಂತ್ರದಲ್ಲಿ ಕೆಲಸ ಮಾಡಿಸಿದೆ ಎಂದು ಒಪ್ಪಿಕೊಂಡರೆ ಪೊಲೀಸರು ಅವನ ಮೇಲೆ ಬೇರೆಯೇ ಮೊಕದ್ದಮೆ ಹೂಡಬಹುದು. ಅದಕ್ಕೆ ನಮ್ಮ ವಿಮೆ ಇಲ್ಲ.

ನನ್ನ ಮೇಲಧಿಕಾರಿ ಫೈಲು ಕೊಡುತ್ತ, "ಮೂರರಲ್ಲಿ ಒಂದು ನಿಂತರೂ ಸಾಕು, ಮ್ಯಾಡಮ್" ಎಂದರು. ಕೆಟ್ಟ ಮನುಷ್ಯರಲ್ಲ. ತಿಂಗಳ ಕೊನೆಯ ಲೆಕ್ಕ ಅವರ ತಲೆಯ ಮೇಲಿತ್ತು.

ಬಂಗಾಳದ ವಿಶ್ವಕರ್ಮ ಪೂಜೆಯನ್ನು ನೋಡದವರಿಗೆ ನಮ್ಮ ಆಯುಧ ಪೂಜೆಯನ್ನು ನೆನಪಿಸಿಕೊಳ್ಳಿ ಎಂದರೆ ಸಾಕು. ಸೆಪ್ಟೆಂಬರ್ ನಡುವಿನಲ್ಲಿ ಬರುತ್ತದೆ. ಕಾರ್ಖಾನೆ, ಗ್ಯಾರೇಜು, ರಿಕ್ಷಾ ಸ್ಟ್ಯಾಂಡು ಎಲ್ಲೆಲ್ಲೂ ಆನೆಯ ಮೇಲೆ ಕೂತ ವಿಶ್ವಕರ್ಮನ ಮಣ್ಣಿನ ಮೂರ್ತಿ ಇಡುತ್ತಾರೆ. ಯಂತ್ರಗಳಿಗೆ ಹಾರ ಹಾಕುತ್ತಾರೆ. ಆಕಾಶದ ತುಂಬ ಗಾಳಿಪಟ. ಪೂಜೆಯಾದ ಯಂತ್ರವನ್ನು ಮರುದಿನ ಮೂರ್ತಿಯ ವಿಸರ್ಜನೆ ಆಗುವವರೆಗೆ ಯಾರೂ ಓಡಿಸುವುದಿಲ್ಲ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರ ಮಗಳು. ಆಯುಧ ಪೂಜೆಯ ದಿನ ನಮ್ಮಪ್ಪ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಸುತ್ತಿಗೆ ಎತ್ತುತ್ತಿರಲಿಲ್ಲ.

ಮರುವರ್ಷ ಜನವರಿಯಲ್ಲಿ ನಾನು ವರ್ಕ್‌ಶಾಪಿಗೆ ಹೋದೆ. ಇಲ್ಲಿಂದ ಮುಂದೆ ಬಂಗಾಳಿಯಲ್ಲಿ ನಡೆದ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಮಾಲೀಕರನ್ನು ಎಲ್ಲರೂ ದತ್ತ ಬಾಬು ಎನ್ನುತ್ತಿದ್ದರು. ಎಣ್ಣೆ ಹಚ್ಚಿ ಬಾಚಿದ ಬಿಳಿಗೂದಲು, ಮೆದು ಮಾತು. ಮಣ್ಣಿನ ಕುಡಿಕೆಯಲ್ಲಿ ಚಹಾ, ಜೊತೆಗೆ ತಿನ್ನಲು ಸಂದೇಶ್ ಸಿಹಿ ತರಿಸಿದರು. ತಪನ್ ತನಗೆ ತಮ್ಮನಿದ್ದ ಹಾಗೆ, ಆಸ್ಪತ್ರೆಯ ಖರ್ಚು ತಾನೇ ನೋಡಿಕೊಂಡೆ, ಇನ್ನು ಅವನನ್ನು ಗೇಟಿನ ಕಾವಲಿಗೆ ಇಟ್ಟುಕೊಳ್ಳುತ್ತೇನೆ ಎಂದೆಲ್ಲ ಹೇಳಿದರು. ಕಾವಲಿನ ಮಾತನ್ನು ಎರಡು ಸಲ ಹೇಳಿದರು.

ಯಂತ್ರಗಳ ನಡುವೆ ಓಡಾಡುವಾಗ ಎಲ್ಲ ಕವಚಗಳೂ ಒಂದೇ ಹಸಿರು ಬಣ್ಣದಲ್ಲಿ ಹೊಸದಾಗಿ ಹೊಳೆಯುತ್ತಿರುವುದು ಕಂಡಿತು. ಚೆನ್ನಾಗಿದೆ ಎಂದೆ. ದತ್ತ ಬಾಬು ಉಬ್ಬಿಹೋದರು.

"ಪ್ರತಿ ವರ್ಷ ಪೂಜೆಗೆ ಮುಂಚೆ ಎಲ್ಲ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಣ್ಣ ಹೊಡೆಸ್ತೀವಿ. ಗೋಡೆಗೆ ಒರಗಿಸಿ ಒಣಗಿಸ್ತೀವಿ. ಪೂಜೆಯ ಮರುದಿನ ಮತ್ತೆ ಕೂರಿಸೋದು. ನಮ್ಮಪ್ಪನ ಕಾಲದಿಂದ ನಡೆದುಬಂದದ್ದು."

"ಬಣ್ಣ ಯಾರು ತರ್ತಾರೆ?"

"ನಾನೇ. ಬೇರೆ ಯಾರು ತರಬೇಕು?"

ಕವಚದ ಮಾತು ಅಲ್ಲಿಗೆ ಮುಗಿಯಿತು. ಮಾಲೀಕನೇ ಬಣ್ಣ ತಂದು ಎಲ್ಲ ಯಂತ್ರಗಳ ಕವಚ ಕಳಚಿಸಿದ ಮೇಲೆ ಅದನ್ನು ಕಾರ್ಮಿಕ ಬೇಕೆಂದು ತೆಗೆದ ಎನ್ನಲಾಗದು. ಪಾಪ, ದತ್ತ ಬಾಬುವಿಗೆ ತಾನು ಏನು ಹೇಳಿದೆ ಎಂದು ತಿಳಿಯಲೇ ಇಲ್ಲ. ಪೂಜೆಯಾದ ಮೇಲೆ ಯಂತ್ರ ಓಡಿಸುವುದುಂಟೇ ಎಂದು ಕೇಳಿದೆ. ಕಿವಿ ಮುಟ್ಟಿಕೊಂಡು, "ಛೆ ಛೆ! ಸ್ಪ್ಯಾನರ್ ಕೂಡ ಮುಟ್ಟೋದಿಲ್ಲ" ಎಂದರು.

"ಮತ್ತೆ ತಪನ್ ಯಾಕೆ ಮುಟ್ಟಿದ?"

"ಕುಡಿದವನಿಗೆ ಬುದ್ಧಿ ಎಲ್ಲಿರುತ್ತೆ, ಮ್ಯಾಡಮ್?"

ಹೊರಗೆ ಬಂದಾಗ ರಹಮತ್ ಎಂಬ ವಯಸ್ಸಾದ ವೆಲ್ಡರ್ ನನ್ನ ಹಿಂದೆಯೇ ಗಲ್ಲಿಯ ತಿರುವಿನವರೆಗೆ ಬಂದರು. ಮುಸಲ್ಮಾನರಾದರೂ ಪ್ರತಿ ವರ್ಷ ಮೂರ್ತಿಗೆ ಪೆಂಡಾಲಿನ ಕಂಬ ಬೆಸೆದುಕೊಡುವವರು ಅವರೇ ಎಂದು ಆಮೇಲೆ ತಿಳಿಯಿತು. ಅಂದು ಲೇತ್‌ನ ಸ್ವಿಚ್ ಆರಿಸಿದವರೂ ಅವರೇ. "ತಪನ್ ಪೂಜೆ ದಿನ ಪ್ರಸಾದ ತಗೊಳ್ಳೋವರೆಗೂ ನೀರೂ ಮುಟ್ಟೋನಲ್ಲ. ಅವತ್ತು ಪ್ರಸಾದದ ಖಿಚುಡಿ ಇನ್ನೂ ಒಲೆ ಮೇಲಿತ್ತು. ಕುಡಿದಿದ್ದ ಅಂತ ಯಾರಾದರೂ ಹೇಳಿದರೆ ಬರೆದುಕೊಳ್ಳಬೇಡಿ" ಎಂದರು.

"ಹಾಗಾದರೆ ಲೇತ್ ಚಾಲೂ ಮಾಡು ಅಂತ ಹೇಳಿದ್ದು ಯಾರು?"

"ಅದನ್ನ ನನ್ನ ಕೇಳಬೇಡಿ ದೀದಿ. ನನಗೂ ಇಲ್ಲೇ ಅನ್ನ."

ಆಸ್ಪತ್ರೆಯ ಕಾಗದಗಳಲ್ಲೂ ಕುಡಿತದ ಸುಳಿವಿರಲಿಲ್ಲ. ಇನ್ನು ಉಳಿದದ್ದು ಒಂದೇ ಪ್ರಶ್ನೆ. ರಜೆಯ ದಿನ ತಾನಾಗಿ ಯಂತ್ರ ಓಡಿಸಿದ್ದರೆ ಅದು ಕೆಲಸವಲ್ಲ, ಪರಿಹಾರವಿಲ್ಲ. ಮಾಲೀಕ ಹೇಳಿ ಓಡಿಸಿದ್ದರೆ ರಜೆಯಾದರೂ ಅದು ಕೆಲಸವೇ. ತಪನ್‌ನ ಬದುಕು ಆ ಒಂದು ಮಾತಿನ ಮೇಲೆ ನಿಂತಿತ್ತು, ಅದನ್ನು ಹೇಳಬೇಕಾದವನು ಅವನೇ.

ಅವನ ಮನೆ ಜೋಕಾದ ಕಡೆ, ಬಸ್ಸಿಳಿದು ಒಳಗೆ ನಡೆಯಬೇಕು. ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಕೈಯನ್ನು ಶಾಲಿನ ಒಳಗೆ ಇಟ್ಟುಕೊಂಡು ಕೂತಿದ್ದ. ಮಿನತಿ ಮೊದಲೇ ಹೇಳಿಬಿಟ್ಟಳು, "ಕೇಸು ಹಾಕಿದ್ದು ನಾನು. ಇವರು ಬೇಡ ಅಂದಿದ್ದರು. ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿಸೋಕೂ ಜಗಳ ಆಡಿದೆ."

ಅಪಘಾತ ಹೇಗಾಯಿತೆಂದು ಕೇಳಿದೆ. ತಪನ್ ಅದನ್ನು ಮುಚ್ಚಿಡದೆ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ. ಲೇತ್‌ನ ಹೆಡ್‌ಸ್ಟಾಕ್ ಮೇಲೆ, ಅಂದರೆ ಲೋಹವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹಿಂದಿನ ಪೆಟ್ಟಿಗೆಯ ಮೇಲೆ, ಪುರೋಹಿತರು ಚೆಂಡುಹೂವಿನ ಹಾರ ಹಾಕಿದ್ದರು. ಯಂತ್ರ ಚಾಲೂ ಮಾಡುವ ಮೊದಲು ಅವನು ಆ ಹಾರವನ್ನು ತೆಗೆಯಲಿಲ್ಲ, ಪಕ್ಕಕ್ಕೆ ಸರಿಸಿದ. ಅದುರುವಿಕೆಗೆ ಹಾರ ಜಾರಿ ಚಕ್ಕಿಗೆ ಸುತ್ತಿಕೊಂಡಿತು. ನೈಲಾನ್ ದಾರ, ಹರಿಯಲಿಲ್ಲ. ಹಿಡಿದು ಎಳೆಯಲು ಹೋದ, ಅದು ಇವನನ್ನೇ ಎಳೆದುಕೊಂಡಿತು.

"ಹಾರ ತೆಗೆದು ಬದಿಗಿಡಬಹುದಿತ್ತಲ್ಲ, ತಪನ್?"

ನಾನು ಏನೋ ಕೇಳಬಾರದ್ದು ಕೇಳಿದೆ ಎಂಬಂತೆ ನೋಡಿದ. "ವಿಸರ್ಜನೆಗೆ ಮೊದಲು ಪೂಜೆಯ ಹಾರ ತೆಗೆಯೋದುಂಟಾ ದೀದಿ? ಯಂತ್ರ ಓಡಿಸಿದ್ದೇ ಒಂದು ಪಾಪ. ಹಾರ ತೆಗೆದರೆ ಇನ್ನೊಂದು."

ಇಪ್ಪತ್ತು ವರ್ಷ ಲೇತ್ ಓಡಿಸಿದವನಿಗೆ ತಿರುಗುವ ಚಕ್ಕಿನ ಬಳಿ ದಾರ ಇರಬಾರದೆಂದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ದೇವರಿಗೆ ಎರಡನೇ ಸಲ ಅಪಚಾರ ಮಾಡಲು ಅವನ ಮನಸ್ಸು ಒಪ್ಪಿರಲಿಲ್ಲ. ಇಂಥವನು ಮೋಜಿಗೆ ಯಂತ್ರ ಚಾಲೂ ಮಾಡಿದ ಎಂದು ದತ್ತ ಬಾಬು ನನ್ನನ್ನು ನಂಬಿಸಲು ಹೊರಟಿದ್ದರು.

"ಓಡಿಸು ಅಂದದ್ದು ಯಾರು?"

ತಪನ್ ನೆಲ ನೋಡಿದ. "ಓಡಿಸಿದ್ದು ನಾನು. ದೇವರು ಕೈ ತಗೊಂಡ. ಇದರಲ್ಲಿ ಯಾರ ಮೇಲೆ ದೂರು ಹೇಳಲಿ?"

ಮಿನತಿ ಒಲೆಯ ಬಳಿಯಿಂದ ಎದ್ದು ಬಂದಳು. "ಈ ಮಾತು ಇವರದಲ್ಲ ದೀದಿ. ಆಸ್ಪತ್ರೆಯಲ್ಲಿ ಇವರಿಗೆ ಎಚ್ಚರ ಬಂದಾಗ ಬಾಬು ತಲೆದೆಸೆಯಲ್ಲಿ ಕೂತು ಹೇಳಿದ್ದು. ವಿಶ್ವಕರ್ಮನೇ ತಗೊಂಡ ಕೈಗೆ ಯಾರ ಮೇಲೆ ದೂರು ಕೊಡ್ತೀಯಪ್ಪ, ಅಂತ. ಅವತ್ತಿನಿಂದ ಇವರು ಅದನ್ನೇ ಜಪ ಮಾಡ್ತಿದ್ದಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳುವ ಮಾಲೀಕರು ನನಗೆ ಹೊಸಬರಲ್ಲ. ಆದರೆ ಕೈ ಕಳೆದುಕೊಂಡವನ ಹಾಸಿಗೆಯ ಪಕ್ಕ ಕೂತು, ಅವನ ದೇವರನ್ನೇ ಅವನ ವಿರುದ್ಧ ಸಾಕ್ಷಿ ಮಾಡಿದವನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಳಗೊಳಗೇ ಕುದಿಯುತ್ತ ಬಸ್ ಹತ್ತಿದೆ.

ಮರುದಿನ ಭಾನುವಾರ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿ ಪುಡಿ, ಕರಿಬೇವು ಕೊಂಡು ಬರುವಾಗ ನನ್ನವರ ಮುಂದೆ ಎಲ್ಲ ಹೇಳಿಕೊಂಡೆ. ನಮ್ಮ ಯಜಮಾನರು ರೈಲ್ವೆಯ ಲೆಕ್ಕಪತ್ರ ವಿಭಾಗದವರು, ಧಾರವಾಡದ ಕಡೆಯವರು. ಎಷ್ಟು ವರ್ಷ ಕೋಲ್ಕತ್ತದಲ್ಲಿದ್ದರೂ ಮಾತು ಅಲ್ಲಿಯದೇ.

"ಪೂಜಿ ಮಾಡಿದ ಮಿಷಿನ್ ಯಾವನರ ತಾನಾಗೇ ಚಾಲೂ ಮಾಡ್ತಾನೇನು? ನಿಮ್ಮಪ್ಪ ಇದ್ರ ಹಂಗ ಅಂದವರಿಗೆ ಛಡಿ ಏಟು ಕೊಡ್ತಿದ್ರು" ಎಂದರು.

"ಅದs ನಾನೂ ಅನ್ನೂದು. ವರದಿಯೊಳಗ ಹಂಗs ಬರೀತೀನಿ."

"ಬರಿ. ಆದ್ರ ನೀ ಕಂಪನಿ ಮನುಷ್ಯಾಳು ಅನ್ನೂದು ಮರೀಬ್ಯಾಡ. ನಿನಗ ಅನಿಸಿದ್ದು ಬ್ಯಾರೆ, ಪುರಾವೆ ಬ್ಯಾರೆ. ಹೇಳಿದವರು ಯಾರು ಅಂತ ಅವಾ ಬಾಯಿ ಬಿಡಬೇಕಲ್ಲ?"

"ಬಿಟ್ರ ಗೇಟಿನ ಕಾವಲ ಕೆಲಸಾನೂ ಹೋಗ್ತದ."

"ಬಿಡದಿದ್ರ ಎಲ್ಲಾನೂ ಹೋಗ್ತದ" ಎಂದು ಅವರು ಕರಿಬೇವಿನ ಕಟ್ಟನ್ನು ಚೀಲಕ್ಕೆ ತುರುಕಿದರು.

ವರದಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದೆ. ಕವಚ ತೆಗೆಸಿದ್ದು ಮಾಲೀಕ. ಕುಡಿತಕ್ಕೆ ಪುರಾವೆ ಇಲ್ಲ. ಪೂಜೆಯಾದ ಯಂತ್ರವನ್ನು ತಪನ್‌ನಂಥವನು ಯಾರೂ ಹೇಳದೆ ಓಡಿಸುವುದು ಸಾಧ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಮೇಲಧಿಕಾರಿ ಮೊದಲ ಎರಡನ್ನು ಒಪ್ಪಿದರು. ಮೂರನೆಯದರ ಮೇಲೆ ಬೆರಳಿಟ್ಟು, "ಅಭಿಪ್ರಾಯದ ಮೇಲೆ ನಾನು ಚೆಕ್ ಬರೆಯಲು ಆಗೋದಿಲ್ಲ. ಅವನೇ ಹೇಳಲಿ" ಎಂದರು. ಅವರ ಜಾಗದಲ್ಲಿ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ರಜೆ ಎಂಬ ಒಂದೇ ಆಧಾರದ ಮೇಲೆ ಕಂಪನಿ ಅರ್ಜಿಯನ್ನು ವಿರೋಧಿಸಿತು.

ವಿಚಾರಣೆ ಬೇಸಿಗೆಯಲ್ಲಿ ನಡೆಯಿತು. ನ್ಯಾಯಾಲಯ ಎಂದರೆ ದೊಡ್ಡದೇನಲ್ಲ, ಕಾರ್ಮಿಕ ಇಲಾಖೆಯ ಒಂದು ಕೋಣೆ, ಉದ್ದ ಮೇಜು, ಕಿಟಕಿಯಲ್ಲಿ ಪಾರಿವಾಳಗಳು. ಕಮಿಷನರ್ ಕಡಿಮೆ ಮಾತಿನ ಹೆಂಗಸು. ದತ್ತ ಬಾಬು ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಬಂದಿದ್ದರು. ತಪನ್ ಅವರನ್ನು ಕಂಡೊಡನೆ ಎದ್ದು ನಿಂತು, ಇರುವ ಒಂದು ಕೈಯನ್ನು ಹಣೆಗೆ ತಂದು ನಮಸ್ಕಾರ ಮಾಡಿದ. ಅದನ್ನು ನೋಡಿ, ಇವನು ಬಾಯಿ ಬಿಟ್ಟ ಹಾಗೆಯೇ ಎಂದು ನಾನು ಆಸೆ ಕೈಬಿಟ್ಟೆ.

ಮಾಲೀಕರ ವಕೀಲರು ಜಾಣತನದಿಂದ ಕೇಳಿದರು. ಅಂದು ಪೂಜೆಯ ರಜೆಯೇ? ಹೌದು. ಯಂತ್ರದ ಸ್ವಿಚ್ ಹಾಕಿದ್ದು ನೀನೇ? ಹೌದು. ಹಾರವನ್ನು ತೆಗೆಯದೆ ಓಡಿಸಿದ್ದು ನೀನೇ? ಹೌದು. ಪೂಜೆಯ ದಿನ ಯಂತ್ರ ಮುಟ್ಟಬಾರದೆಂದು ಗೊತ್ತಿತ್ತೇ? ಗೊತ್ತಿತ್ತು. ಎಲ್ಲಕ್ಕೂ ತಪನ್ ತಲೆ ತಗ್ಗಿಸಿಕೊಂಡು ಹೌದೆಂದ. ಹಿಂದೆ ಕೂತಿದ್ದ ಮಿನತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ವಕೀಲರು ತೃಪ್ತಿಯಿಂದ ಕೂತರು. ನಮ್ಮ ಕಂಪನಿಯ ವಕೀಲರಿಗೆ ಕೇಳಲು ಏನೂ ಉಳಿದಿರಲಿಲ್ಲ.

ಕಮಿಷನರ್ ನನ್ನ ವರದಿಯನ್ನು ಮುಂದಿಟ್ಟುಕೊಂಡಿದ್ದರು. ಪುಟ ತಿರುವಿ, ತಪನ್‌ನ ಕಡೆ ನೋಡಿ, "ಹಾರ ಯಾಕೆ ತೆಗೆಯಲಿಲ್ಲ?" ಎಂದರು.

"ತೆಗೆದರೆ ಪಾಪ, ಮ್ಯಾಡಮ್."

"ಅಷ್ಟು ಹೆದರೋನು ಯಂತ್ರ ಯಾಕೆ ಓಡಿಸಿದೆ?"

ಕಮಿಷನರ್ ಅವಸರ ಮಾಡಲಿಲ್ಲ. ತಪನ್ ದತ್ತ ಬಾಬುವಿನ ಕಡೆ ತಿರುಗಿದ. ಕ್ಷಮೆ ಕೇಳುವವನ ಮುಖ ಅದು, ದೂರು ಕೊಡುವವನದಲ್ಲ.

"ನದಿಯ ನೀರು ಭರತಕ್ಕೆ ಏರಿದಾಗ ಬಾರ್ಜು ಹೊರಡಬೇಕು, ಅದರ ಶಾಫ್ಟಿಗೆ ಒಂದು ಬುಶ್ ಕಡೆದುಕೊಡು ಅಂತ ಬಾಬು ಅಂದರು. ಪೂಜೆ ಆಗಿದೆ ಬಾಬು, ನಾಳೆ ಮಾಡ್ತೀನಿ ಅಂದೆ. ದೇವರಿಗೆ ನಾನು ಹೇಳ್ಕೋತೀನಿ, ನೀನು ಮಾಡು ಅಂದರು." ಸ್ವಲ್ಪ ತಡೆದು, "ಹೇಳಿದ್ದು ಬಾಬು. ಆದರೆ ಮಾಡಿದ್ದು ನಾನು, ಮ್ಯಾಡಮ್. ಪಾಪ ನನ್ನದೇ" ಎಂದ.

ದತ್ತ ಬಾಬು ಸುಳ್ಳು ಎಂದು ಕೂಗಿ ಎದ್ದರು. ಕಮಿಷನರ್ ಅವರನ್ನು ಕೂರಿಸಿ, ಆ ದಿನ ಯಾವ ಬಾರ್ಜಿನ ಕೆಲಸ ಒಪ್ಪಿಕೊಂಡಿದ್ದಿರಿ ಎಂದು ಕೇಳಿದರು. ಬಾಬು ವಕೀಲರ ಮುಖ ನೋಡಿದರು, ವಕೀಲರು ಕಿಟಕಿ ನೋಡಿದರು. ಮುಂದಿನ ವಿಚಾರಣೆಗೆ ರಹಮತ್ ಅವರನ್ನು ಸಾಕ್ಷಿಯಾಗಿ ಕರೆಸಿದಾಗ, ಅನ್ನದ ಮಾತು ಎತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ತಪನ್‌ನ ಪರವಾಗಿ ಆದೇಶ ಬಂತು. ಟರ್ನರ್‌ಗೆ ಬಲಗೈ ಇಲ್ಲವೆಂದರೆ ಕಸುಬೇ ಇಲ್ಲ ಎಂದು ಒಪ್ಪಿ, ಪೂರ್ಣ ಅಂಗವೈಕಲ್ಯವೆಂದೇ ಪರಿಹಾರ ನಿಗದಿಯಾಯಿತು. ನಮ್ಮ ಕಂಪನಿ ಮೇಲ್ಮನವಿಗೆ ಹೋಗಲಿಲ್ಲ. ಕಾವಲಿನ ಕೆಲಸ ಮಾತ್ರ ಆದೇಶ ಬರುವ ಮೊದಲೇ ಹೋಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ರಹಮತ್ ಅವರನ್ನೂ ಬಾಬು ಕೆಲಸದಿಂದ ಬಿಡಿಸಿದರು ಎಂದು ಕೇಳಿದೆ. ಆ ಸುದ್ದಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವರಿಗೆ ಪರಿಹಾರ ಕೊಡಿಸುವ ಯಾವ ಕಾಯ್ದೆಯೂ ನನ್ನ ಕೈಯಲ್ಲಿರಲಿಲ್ಲ.

ಆದೇಶ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ಬಿಡಿಸಿ ಹೇಳಿ ಎಂದು ಮಿನತಿ ಫೋನ್ ಮಾಡಿದಳು. ಇನ್ನು ನಾನು ಎದುರು ಪಕ್ಷದವಳಲ್ಲವಾದ್ದರಿಂದ ಹೋದೆ. ಚಪ್ಪರದ ಕೆಳಗೆ ಕೂತು ಒಂದೊಂದೇ ಪುಟವನ್ನು ಬಂಗಾಳಿಯಲ್ಲಿ ಹೇಳಿದೆ. ಮಿನತಿಯ ಕಣ್ಣು ತುಂಬಿತು, ಚಹಾಕ್ಕೆ ಹಾಲು ತರಲು ಓಡಿದಳು. ತಪನ್ ಕೊನೆಯವರೆಗೂ ಗಮನವಿಟ್ಟು ಕೇಳಿದ.

"ತಪ್ಪು ನನ್ನದಲ್ಲ ಅಂತ ಎಲ್ಲಿ ಬರೆದಿದ್ದಾರೆ, ದೀದಿ?"

ಇಲ್ಲವೆಂದು ಗೊತ್ತಿದ್ದರೂ ಪುಟಗಳನ್ನು ಇನ್ನೊಮ್ಮೆ ತಿರುವಿದೆ. "ಹಾಗೆ ಬರೆಯೋದಿಲ್ಲ ತಪನ್. ತಪ್ಪು ಯಾರದು ಅಂತ ಈ ಕಾನೂನು ಕೇಳೋದೇ ಇಲ್ಲ. ಅದಕ್ಕೇ ಅಲ್ಲವಾ ನಿನಗೆ ಪರಿಹಾರ ಸಿಕ್ಕಿದ್ದು?"

"ಯಾರಾದರೂ ಕೇಳಬೇಕಿತ್ತು" ಎಂದ.

ತಪ್ಪು ನಿನ್ನದಲ್ಲ ಎಂದು ನಾನು ಹೇಳಿದೆ, ಎರಡು ಮೂರು ಸಲ ಹೇಳಿದೆ. ಅವನು ವಿನಯದಿಂದ ತಲೆಯಾಡಿಸಿದ. ತಲೆದೆಸೆಯಲ್ಲಿ ಕೂತು ಹೇಳಿದ ಮಾತು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ.

ತಪ್ಪಿನ ಗೊಡವೆಗೆ ಹೋಗದಿರುವುದೇ ಈ ಕಾಯ್ದೆಯ ದೊಡ್ಡ ಗುಣ. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ನಾನು ಅದನ್ನು ಹೊಗಳಿ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಪರಿಹಾರ ದಾನವಲ್ಲ, ಹಕ್ಕು. ಆದರೆ ತಾನೇ ತಪ್ಪಿತಸ್ಥ ಎಂದು ತೀರ್ಮಾನಿಸಿಕೊಂಡವನು ಹಕ್ಕು ಕೇಳಲು ಬಾಗಿಲಿಗೇ ಬರುವುದಿಲ್ಲ. ಮಿನತಿ ಜಗಳವಾಡದಿದ್ದರೆ ತಪನ್‌ನ ಫೈಲು ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದು. ನಿವೃತ್ತಿಯಾಗುವವರೆಗೆ ನಾನು ಹೋದ ಪ್ರತಿ ಮನೆಯಲ್ಲಿ, ಯಂತ್ರ, ದಿನ, ಹೊತ್ತು ಯಾವುದನ್ನೂ ವಿಚಾರಿಸುವ ಮೊದಲು, ಇದು ಯಾರ ತಪ್ಪು ಅಂತ ನಿಮಗೆ ಅನ್ನಿಸುತ್ತೆ ಎಂದು ಕೇಳುತ್ತಿದ್ದೆ. ಕಾನೂನಿಗೆ ಬೇಡವಾದ ಪ್ರಶ್ನೆ ಅದು. ಬೆರಳು ಹೋದವರನ್ನು ಕೇಳಿದೆ, ಕಾಲು ಹೋದವರನ್ನು ಕೇಳಿದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವರನ್ನು ಕೇಳಿದೆ. ಹೆಚ್ಚಿನವರು "ನಂದೇ" ಎಂದರು.